ಅಳತೆಗೆ ಕೊಟ್ಟ ರವಿಕೆ

ನಮ್ಮ ತಾತ ಮುನಿವೆಂಕಟಪ್ಪ ಬೀಡಿ ಮುಟ್ಟಿದವನಲ್ಲ, ಆದರೂ ಅವನಿಗೊಂದು ಚಟವಿತ್ತು. ಮನೆಯಲ್ಲಿ ಯಾರು ಮುಂದೆ ಏನಾಗಬೇಕು ಎಂಬುದನ್ನು ಅವನೇ ಗೊತ್ತು ಮಾಡಬೇಕು. ದೊಡ್ಡ ಮಗನಿಗೆ ಹೊಲ, ಚಿಕ್ಕವನಿಗೆ, ಅಂದರೆ ನಮ್ಮಪ್ಪ ಗಂಗಣ್ಣನಿಗೆ, ತಾಲ್ಲೂಕು ಕಚೇರಿ ಎಂದು ಅವರಿಗೆ ಮೀಸೆ ಮೂಡುವ ಮೊದಲೇ ಹೇಳಿಬಿಟ್ಟಿದ್ದ. ಇಬ್ಬರೂ ತಲೆಯಾಡಿಸಿ ಹಾಗೇ ಆದರು. ತಾತನ ಮಾತು ನಡೆಯದೆ ಹೋದದ್ದು ಒಬ್ಬಳ ಮುಂದೆ ಮಾತ್ರ. ಅವಳು ಅವನ ಮಗಳು, ನಮ್ಮ ಸೋದರತ್ತೆ ಮುನಿರತ್ನಮ್ಮ.

ಅತ್ತೆಯ ಗಂಡನೂ ಬೇಸಾಯಗಾರರ ಮನೆಯವನೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿಗೆ ಹೋಗಿ, ಸಿಪಾಯಿಗಳ ಖಾಕಿ ಬಟ್ಟೆ ಹೊಲಿಯುವುದನ್ನು ಕಲಿತು, ಒಂದು ಹೊಲಿಗೆ ಮಿಷನ್ನು ಕೊಂಡು ತಂದ. ಹೆಂಡತಿಗೂ ತುಳಿಯಲು ಕಲಿಸಿದ. ಅಷ್ಟರಲ್ಲಿ ಪ್ಲೇಗು ಬಂತು, ಅವನನ್ನು ಕರೆದುಕೊಂಡು ಹೋಯಿತು. ಅತ್ತೆಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಗಂಡನ ಮನೆಯವರು ಅವಳ ಹಿತ್ತಾಳೆ ಪಾತ್ರೆಗಳನ್ನೆಲ್ಲ ಉಳಿಸಿಕೊಂಡರು, ಅವಳು ಬಿಟ್ಟುಕೊಟ್ಟಳು. ಮಿಷನ್ನಿಗೆ ಕೈ ಹಾಕಿದಾಗ ಮಾತ್ರ ಅದನ್ನು ಗಾಡಿಗೆ ಹೇರಿಸಿ, ಅದರ ಮೇಲೆ ತೋಳು ಚಾಚಿ ಕೂತಳು. ಮಾಕಳಿದುರ್ಗದ ಬುಡದ ನಮ್ಮೂರು ಬರುವವರೆಗೂ ಆ ತೋಳು ತೆಗೆಯಲಿಲ್ಲವಂತೆ.

ತಾತ ಅಷ್ಟರಲ್ಲಾಗಲೇ ಅವಳ ಮುಂದಿನ ದಾರಿ ಗೊತ್ತು ಮಾಡಿಬಿಟ್ಟಿದ್ದ. ಅತ್ತೆ ದೊಡ್ಡಬಳ್ಳಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಲೋಯರ್ ಸೆಕೆಂಡರಿ ಪಾಸು ಮಾಡಿದ್ದಳು. ತಾತ ಸ್ಕೂಲ್ ಇನ್ಸ್‌ಪೆಕ್ಟರನ್ನು ಕಂಡು, ಉಪಾಧ್ಯಾಯಿನಿಯರ ಟ್ರೈನಿಂಗಿಗೆ ಒಂದು ಸೀಟು ಕೇಳಿಕೊಂಡು ಬಂದಿದ್ದ.

"ಟೀಚರಮ್ಮ ಆಗು. ಸರ್ಕಾರದ ಸಂಬಳ, ಮುಪ್ಪಿಗೆ ಪಿಂಚಣಿ. ಅಣ್ಣತಮ್ಮಂದ್ರ ಕೈ ಕಾಯ್ಬೇಕಾಗಿಲ್ಲ" ಎಂದ.

"ನಂಗೆ ಮಕ್ಕಳ ಕೈಲಿ ಮಗ್ಗಿ ಹೇಳ್ಸೋದು ಬೇಡ ಕಣಪ್ಪಾ. ಹೊಲಿಗೆ ಬರ್ತದೆ, ಹೊಲಿಗೇಲೇ ಬದುಕ್ತೀನಿ."

"ನಮ್ಮೋರು ಯಾರಾನಾ ದರ್ಜಿ ಕೆಲಸ ಮಾಡವ್ರಾ?"

"ನನ್ನ ಗಂಡ ಮಾಡ್ಲಿಲ್ವಾ?"

ಮಾತಿನಲ್ಲಿ ಸೋತರೆ ಷರತ್ತು ಹಾಕುವುದು ತಾತನ ರೂಢಿ. ಯುಗಾದಿ ಕಳೆಯುವುದರೊಳಗೆ ಊರ ಹೆಂಗಸರು ನಂಬಿ ಬಟ್ಟೆ ತಂದುಕೊಟ್ಟರೆ ಸರಿ, ಇಲ್ಲದಿದ್ದರೆ ಟ್ರೈನಿಂಗು. ಅತ್ತೆ ಒಪ್ಪಿಕೊಂಡಳು.

ನಂಬಿ ಬಟ್ಟೆ ಕೊಡುವುದು ಆಗ ಸಣ್ಣ ಮಾತಾಗಿರಲಿಲ್ಲ. ಯುದ್ಧ ಮುಗಿದಿದ್ದರೂ ಬಟ್ಟೆಯ ಮೇಲಿನ ಕಂಟ್ರೋಲು ಮುಗಿದಿರಲಿಲ್ಲ. ಸರ್ಕಾರದ ಅಂಗಡಿಯ ಸರದಿಯಲ್ಲಿ ನಿಂತು, ಕೊಟ್ಟಷ್ಟನ್ನು ಕಣ್ಣಿಗೊತ್ತಿಕೊಂಡು ತರಬೇಕು. ಕತ್ತರಿ ತಪ್ಪಿದರೆ ಆ ವರ್ಷದ ಹಬ್ಬ ಹಳೇ ಬಟ್ಟೆಯಲ್ಲೇ. ಅದರ ಮೇಲೆ, ಗಂಡನಿಲ್ಲದವಳ ಕೈಗೆ ಹಬ್ಬದ ಬಟ್ಟೆ ಹೇಗೆ ಕೊಡುವುದು ಎಂಬ ಗುಸುಗುಸು ಬೇರೆ. ಅದನ್ನು ನಮ್ಮಜ್ಜಿ ಗಂಗಲಕ್ಷ್ಮಮ್ಮ ಬಾವಿಕಟ್ಟೆಯಲ್ಲೇ ನಿಂತು ಅಡಗಿಸಿದಳು. "ನಿಮ್ಮನೆ ಹಬ್ಬದ ರಾಗಿ ಬೀಸಕ್ಕೆ ಅವಳ ಕೈ ಆಗ್ತದೆ, ರವಿಕೆ ಹೊಲಿಯಕ್ಕೆ ಆಗಲ್ವಾ?"

ಮೊದಲು ಬಂದವಳು ಪಟೇಲ ಅಪ್ಪಯ್ಯಣ್ಣನ ಹೆಂಡತಿ ಅಮ್ಮಯಮ್ಮ. ಆಳೂ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಅವಳು ಒಪ್ಪಿದರೆ ಊರೇ ಒಪ್ಪಿದ ಹಾಗೆ. ನೀಲಿ ಬಟ್ಟೆಯನ್ನು ಚಾಪೆಯ ಮೇಲಿಟ್ಟು, ಅದರ ಜೊತೆ ಅಳತೆಗೆಂದು ಮಡಿಸಿ ತಂದ ಒಂದು ರವಿಕೆಯನ್ನೂ ಇಟ್ಟಳು. ಹೆಂಗಸರು ದರ್ಜಿಯ ಮುಂದೆ ನಿಂತು ಮೈ ಅಳತೆ ಕೊಡುವುದು ಆಗ ಎಲ್ಲಿಯೂ ಇರಲಿಲ್ಲ. ಒಂದು ಹಳೇ ರವಿಕೆ ಕಳಿಸಿದರೆ ದರ್ಜಿ ಅದನ್ನೇ ನೋಡಿ ಹೊಲಿಯುತ್ತಿದ್ದ.

ಅತ್ತೆ ಆ ರವಿಕೆಯನ್ನು ಹರಡಿ ನೋಡಿದಳು, ಅಮ್ಮಯಮ್ಮನನ್ನೂ ನೋಡಿದಳು.

"ದೊಡ್ಡಮ್ಮಾ, ಇದು ನಿಮ್ಗೆ ಸರಿಯಾಗ್ತದಾ?"

"ಅಳತೆ ಅಂತ ಕೊಟ್ಮೇಲೆ ಅಳತೆ ಕಣೇ. ದೊಡ್ಡಬಳ್ಳಾಪುರದ ದರ್ಜಿ ಒಂದು ದಿನಾನೂ ಹಿಂಗೆ ಕೇಳ್ಲಿಲ್ಲ."

ಹೊಸಬಳು, ಹಿರಿಯರ ಮಾತು. ಅತ್ತೆ ಕೊಟ್ಟ ಅಳತೆಗೇ ಕತ್ತರಿಸಿ ಹೊಲಿದುಕೊಟ್ಟಳು.

ಯುಗಾದಿಯ ಬೆಳಿಗ್ಗೆ ಬೇವುಬೆಲ್ಲ ಇನ್ನೂ ಬಾಯಲ್ಲಿದ್ದಾಗಲೇ ಅಮ್ಮಯಮ್ಮ ನಮ್ಮ ಜಗಲಿಗೆ ಬಂದಳು. ಕೈಯಲ್ಲಿ ನೀಲಿ ರವಿಕೆ. ಕಂಕುಳ ಹತ್ತಿರ ಬಿರಿದು ಬಾಯಿ ಬಿಟ್ಟಿತ್ತು. ಅದನ್ನು ಎಸೆದು, "ಬಟ್ಟೆ ತಿಂದ್ಬಿಟ್ಲು ನಿನ್ನ ಮಗಳು! ವರ್ಷಕ್ಕೆ ಒಂದು ತುಂಡು ಬಟ್ಟೆ, ಅದೂ ಮಣ್ಣುಪಾಲು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಬಾಗಿಲಲ್ಲೆಲ್ಲ ಹೆಂಗಸರು ನಿಂತರು. ಜಗಲಿಯಲ್ಲಿ ಕೂತಿದ್ದ ತಾತ ತಲೆ ಎತ್ತಲಿಲ್ಲ. ಎತ್ತದೆಯೇ ಹೇಳಿದ, "ಆಯ್ತು ರತ್ನಾ. ಟ್ರೈನಿಂಗಿಗೆ ಬಟ್ಟೆಬರೆ ಜೋಡ್ಸ್ಕೋ."

ಅತ್ತೆ ಅಮ್ಮಯಮ್ಮನ ಮುಂದೆ ಬಂದು ನಿಂತಳು.

"ದೊಡ್ಡಮ್ಮಾ, ಅಳತೆಗೆ ಕೊಟ್ರಲ್ಲ, ಆ ರವಿಕೆ ಎಷ್ಟು ಹಿಂದಿಂದು?"

ಅಜ್ಜಿ ಒಳಗಿನಿಂದ ಆ ಹಳೇ ರವಿಕೆ ತಂದು ಬೆಳಕಿಗೆ ಹಿಡಿದಳು. ಹಿಡಿದವಳೇ ಸೆರಗು ಬಾಯಿಗಿಟ್ಟು ನಕ್ಕಳು. "ಅಯ್ಯೋ ಅಮ್ಮಯಕ್ಕಾ, ಇದನ್ನ ನೀನು ನಮ್ಮೂರಿಗೆ ಮದುವಣಗಿತ್ತಿಯಾಗಿ ಬಂದಾಗ ಹಾಕ್ಕೊಂಡಿದ್ದೆ. ಆಮೇಲೆ ಐದು ಮಕ್ಕಳು ಹೆತ್ತೆ!"

"ಮತ್ತಿನ್ನೇನು ಮಾಡ್ಲಿ?" ಅಮ್ಮಯಮ್ಮನ ಮುಖ ಕೆಂಪಾಯಿತು. "ದಿನಾ ಹಾಕ್ಕೊಳ್ಳೋ ಹರಕಲು ತಂದು ಇನ್ನೊಬ್ರ ಮುಂದೆ ಇಡಕ್ಕಾಗ್ತದಾ? ಪೆಟ್ಟಿಗೇಲಿ ಚೆನ್ನಾಗಿರೋದು ಅಂತ ಇರೋದು ಅದೊಂದೇ."

ಬಾಗಿಲಲ್ಲಿ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಮಾಡುತ್ತಿದ್ದುದು ಅದನ್ನೇ. ಸರಿಹೋಗುವುದನ್ನು ಬಿಟ್ಟು ಚೆನ್ನಾಗಿರುವುದನ್ನು ಅಳತೆಗೆ ಕಳಿಸುವುದು, ಆಮೇಲೆ ವರ್ಷಪೂರ್ತಿ ಉಸಿರು ಬಿಗಿಹಿಡಿದುಕೊಂಡು ದರ್ಜಿಗೆ ಶಾಪ ಹಾಕುವುದು. ನಮ್ಮೂರ ಮಾನ ಮರ್ಯಾದೆ ಅಂದರೆ ಅಷ್ಟು ಬಿಗಿ.

ಅತ್ತೆ ಒಳಗೆ ಹೋಗಿ ತನ್ನ ಧಾರೆ ಸೀರೆ ತಂದಳು. ಕೆಂಪು ಸೀರೆ. ಇನ್ನು ಅವಳು ಉಡುವಂತಿಲ್ಲದ ಸೀರೆ. ಜಗಲಿಯ ಮೇಲೆ ಹಾಸಿ, ಅಂಚಿನಿಂದ ಒಂದು ಪಟ್ಟಿ ಕತ್ತರಿಸಿದಳು. ಅಜ್ಜಿಯ ನಗು ನಿಂತುಹೋಯಿತು. ಅವಳು ಗೋಡೆಗೆ ಮುಖ ತಿರುಗಿಸಿ ಅತ್ತಳು.

"ಕಂಕುಳಿಗೆ ಈ ಪಟ್ಟಿ ಕೂರಿಸ್ತೀನಿ, ಬಟ್ಟೆ ಉಳೀತದೆ. ಆದ್ರೆ ಎಷ್ಟಗಲ ಅನ್ನೋದು ನಿಮ್ಮ ಮೈ ಅಳೆಯದೆ ಗೊತ್ತಾಗಲ್ಲ ದೊಡ್ಡಮ್ಮಾ. ಒಳಗೆ ಬನ್ನಿ, ಕದ ಹಾಕ್ತೀನಿ." ಅತ್ತೆ ಗಂಡನ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡಳು.

ಅಮ್ಮಯಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಬದುಕಿರೋರ ಮೈ ಅಳೀತಾರೇನೇ? ಗುಣಿ ತೋಡೋರು ಅಳೆಯೋದು ಅದು."

ಅಜ್ಜಿ ಕಣ್ಣೊರೆಸಿಕೊಂಡು ಮುಂದೆ ಬಂದಳು. "ಮೊದಲು ನನ್ನ ಅಳೆಯೇ ರತ್ನಾ. ಸತ್ರೆ ನಾನೇ ಸಾಯ್ತೀನಿ, ನೋಡೇಬಿಡಾನ."

ಅಜ್ಜಿ ಸಾಯಲಿಲ್ಲ. ಮುಂದೆ ಎಷ್ಟೋ ವರ್ಷ ನನ್ನನ್ನೇ ಬೈದುಕೊಂಡು ಗಟ್ಟಿಯಾಗಿದ್ದಳು. ಅಂದು ಅವಳು ಕೋಣೆಯಿಂದ ನಗುತ್ತ ಹೊರಗೆ ಬಂದ ಮೇಲೆ ಅಮ್ಮಯಮ್ಮ ಒಳಗೆ ಹೋದಳು. ಸಂಜೆಯ ಹೊತ್ತಿಗೆ, ಕಂಕುಳಲ್ಲಿ ಕೆಂಪು ಪಟ್ಟಿಯಿದ್ದ ನೀಲಿ ರವಿಕೆ ತೊಟ್ಟು ಬೀದಿಯ ಉದ್ದಕ್ಕೂ ನಡೆದಳು. ಸಿಕ್ಕವರ ಮುಂದೆಲ್ಲ ತೋಳು ಮೇಲೆತ್ತಿ ಇಳಿಸಿ ತೋರಿಸಿದಳು. "ಉಸಿರಾಡ್ಬೋದು ಕಣ್ರೇ!" ಎಂದಳಂತೆ.

ಅದಾದ ಮೇಲೆ ಅತ್ತೆ ಒಂದೇ ಕಟ್ಟಳೆ ಇಟ್ಟಳು. ಹಳೇ ರವಿಕೆ ತಂದರೆ ಬಟ್ಟೆ ಮುಟ್ಟುವುದಿಲ್ಲ, ಕೊಡುವವರೇ ಬಂದು ನಿಲ್ಲಬೇಕು. ಕೆಲವರು ಮುನಿಸಿಕೊಂಡು ವಾಪಸು ಹೋದರು. ಅತ್ತೆ ಕರೆಯಲಿಲ್ಲ. ಆಮೇಲೆ ಅವರೇ ಬಂದರು, ಪಕ್ಕದ ಹಳ್ಳಿಗಳಿಂದಲೂ ಬಂದರು. ದೊಡ್ಡಬಳ್ಳಾಪುರದ ದರ್ಜಿ ಎಷ್ಟೇ ಜಾಣನಾದರೂ ಕದ ಹಾಕಿ ಹೆಂಗಸರ ಅಳತೆ ತೆಗೆಯಲಾರ. ತನ್ನ ಅನ್ನ ಅಲ್ಲಿದೆ ಎಂದು ಅತ್ತೆ ಕಂಡುಕೊಂಡಿದ್ದಳು, ತಾತ ಕಂಡಿರಲಿಲ್ಲ.

ಟ್ರೈನಿಂಗಿಗೆ ಹೊರಡುವ ದಿನ ಹತ್ತಿರ ಬಂದರೂ ತಾತ ಆ ಮಾತೆತ್ತಲಿಲ್ಲ. ಒಂದು ಮಧ್ಯಾಹ್ನ, ಜಗಲಿಯ ಹೆಂಗಸರೆಲ್ಲ ಹೋದ ಮೇಲೆ, ಕಂಟ್ರೋಲಿನ ಬಿಳೀ ಬಟ್ಟೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತ.

"ನಾಳೆ ಇನ್ಸ್‌ಪೆಕ್ಟರ ಹತ್ರ ಹೋಗಿ, ನನ್ನ ಮಗಳು ಬರಲ್ಲ, ಸೀಟು ಇನ್ಯಾರಿಗಾನಾ ಕೊಡಿ ಅಂತ ಹೇಳ್ಬೇಕು. ಈ ಅಂಗೀಲಿ ಹೋದ್ರೆ ಚೆಂದಾಗಿರಲ್ಲ. ಒಂದು ಹೊಲ್ಕೊಡ್ತೀಯಾ?"

ಅತ್ತೆ ಬಟ್ಟೆ ಈಸಿಕೊಂಡಳು. ಅದರೊಳಗೆ ಇನ್ನೊಂದು ಅಂಗಿ ಮಡಿಸಿಟ್ಟಿತ್ತು, ತಾತ ತನ್ನ ಮದುವೆಯಲ್ಲಿ ತೊಟ್ಟಿದ್ದು, ಪೆಟ್ಟಿಗೆಯ ಕರ್ಪೂರದ ವಾಸನೆ ಇನ್ನೂ ಹೋಗಿರಲಿಲ್ಲ.

"ಅಪ್ಪಾ, ಅದನ್ನ ವಾಪಸ್ ಪೆಟ್ಟಿಗೇಲಿ ಇಡು" ಎಂದು ಅತ್ತೆ ಟೇಪು ಬಿಚ್ಚಿದಳು. "ಇಲ್ಲಿ ಬಂದು ನಿಂತ್ಕೋ. ತೋಳೆತ್ತು."

ತಾತ ಬಂದು ನಿಂತ. ಎರಡೂ ತೋಳು ಮೇಲೆತ್ತಿದ.