ರಾಣಿಯ ಮೀಸೆ

ರಾಯಚೂರಿನಲ್ಲಿ ನಮ್ಮ ಶಾಲೆಯ ನಾಟಕದಲ್ಲಿ ನನಗೆ ರಾಣಿಯ ಪಾತ್ರ. ಇಪ್ಪತ್ತೊಂದು ತಾಲೀಮು ಮುಗಿದವೆಂದು ದಿನಚರಿಯಲ್ಲಿ ಬರೆದಿದ್ದೇನೆ. ಅಷ್ಟರಲ್ಲಿ ನನ್ನ ಮೀಸೆ ಕಪ್ಪಾಗಿತ್ತು. ನಮ್ಮ ಮನೆತನದಲ್ಲಿ ತಂದೆ ತೀರಿಕೊಂಡ ಮೇಲಷ್ಟೇ ಮೀಸೆ ತೆಗೆಯುವುದು. ಮಾನ್ವಿಯಲ್ಲಿ ಅಪ್ಪ ಜ್ವರದಿಂದ ಹಾಸಿಗೆ ಹಿಡಿದಿದ್ದರು.

"ಮೀಸಿ ಇಟ್ಕೊಂಡು ರಾಣಿ ಬಂದ್ರ ಜನ ಕಲ್ಲು ಒಗೀತಾರಲೇ," ಎಂದು ಮಾಸ್ತರರು ಗದರಿದರು. ಪ್ರಯೋಗದ ದಿನ ಕ್ಷೌರಿಕನ ಮುಂದೆ ಕಣ್ಣುಮುಚ್ಚಿ ಕುಳಿತೆ.

ಸಂಜೆ ಬಣ್ಣದ ಕೋಣೆಯಲ್ಲಿ, ರಾಣಿಯ ಉದ್ದಕೂದಲಿನ ಟೋಪನ್ನು ಕೂರಿಸಲೆಂದು ತಲೆಗೆ ಬಿಳಿ ಬಟ್ಟೆ ಬಿಗಿದುಕೊಂಡು ಬರಿಮೈಯಲ್ಲಿದ್ದೆ. ಅಪ್ಪನ ತಮ್ಮ, ದೇವದುರ್ಗದ ಕಾಕಾ, ಬಾಗಿಲಿಗೆ ಬಂದರು. ನನ್ನ ತುಟಿ ನೋಡಿದವರೇ ಕುಸಿದು ಕುಳಿತು, "ಅಣ್ಣಾ, ಹೋಗಿಬಿಟ್ಟ್ಯಾ!" ಎಂದು ಅತ್ತರು. ಮಾನ್ವಿಯಿಂದ ಸುದ್ದಿ ತಂದಿದ್ದಾರೆಂದುಕೊಂಡೆ. ಕೇಳುವಷ್ಟರಲ್ಲಿ ನಾಟಕದ ಗಂಟೆ ಹೊಡೆಯಿತು. ಮಾಸ್ತರರು ಸೀರೆ ಸುತ್ತಿಸಿ ರಂಗಕ್ಕೆ ದಬ್ಬಿದರು.

ರಾಜ ಸಾಯುವ ದೃಶ್ಯದಲ್ಲಿ ಒಂದು ಮಾತೂ ಹೊರಡಲಿಲ್ಲ. ಬರೀ ಅತ್ತೆ. ಜನ ಚಪ್ಪಾಳೆ ತಟ್ಟಿದರು.

ಪರದೆ ಬಿದ್ದ ಮೇಲೆ ಕಾಕಾ ಕೇಳಿದರು, "ಸಂಸ್ಕಾರ ಯಾವಾಗ ಆತು?"

"ನೀವ ಹೇಳ್ಬೇಕಲ್ರೀ ಕಾಕಾ, ಮಾನ್ವಿಯಿಂದ ಬಂದವ್ರು!"

"ನಾ ದೇವದುರ್ಗದಿಂದ ಬಂದೀನೋ, ನಿನ್ನ ಮಾನ್ವಿಗೆ ಕರ್ಕೊಂಡು ಹೋಗಾಕ. ಮತ್ತ ಮೀಸಿ ಯಾಕ ತೆಗ್ಸಿದಿ?"

ನಾನು ನಾಟಕಕ್ಕೆಂದೆ. ಅವರು ನನ್ನನ್ನು ಹೊಡೆಯಲೂ ಇಲ್ಲ, ನಗಲೂ ಇಲ್ಲ. ನಿಜವಾಗಿ ಏನಾಗಿದೆಯೋ ಇಬ್ಬರಿಗೂ ಗೊತ್ತಿರಲಿಲ್ಲ.

ಬೆಳಗಿನ ಮೊದಲ ಮೋಟಾರು ಹಿಡಿದೆವು. ಮಾನ್ವಿಯ ಮನೆಯಲ್ಲಿ ಅಪ್ಪ ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದರು. ನಾನು ಅಂಗವಸ್ತ್ರದಿಂದ ಬಾಯಿ ಮುಚ್ಚಿಕೊಂಡೆ. ಅವರು ಅದನ್ನು ಮೆಲ್ಲಗೆ ಸರಿಸಿ ನೋಡಿದರು.

"ನಾ ಇನ್ನೂ ಅದೀನಲ್ಲಪಾ," ಎಂದು ಗೋಡೆಯ ಕಡೆ ತಿರುಗಿದರು.