ಮುಂದಿನ ಚಕ್ರಕ್ಕೆ ನೊಗ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕತ್ರಿಗುಪ್ಪೆಯಲ್ಲಿ ಬಾಡಿಗೆಗಿದ್ದೆ. ಪತ್ರಿಕೆಯೊಂದರಲ್ಲಿ ಕಿರಿಯ ವರದಿಗಾರ. ಮದುವೆಯಾಗಿ ಎರಡು ವರ್ಷವಾಗಿತ್ತು. ಮನೆಯ ಯಜಮಾನರು ರಾಗಿ ಬೆಳೆಯುವುದನ್ನು ಬಿಟ್ಟು ಕಲ್ಲು ಮಾರುತ್ತಿದ್ದರು. ಅವರ ಹೊಲದ ತುದಿಯಲ್ಲಿ ಬಂಡೆಯಿತ್ತು. ಜಯನಗರದಲ್ಲಿ ಎಲ್ಲಿ ನೋಡಿದರೂ ಪಾಯ ತೋಡುತ್ತಿದ್ದರು. ಎರಡರ ನಡುವೆ ಇದ್ದ ತೊಂದರೆ ಒಂದು ಏರು.

ಬಂಡೆ ಒಡೆದು ಒಡೆದು ಆ ಜಾಗ ಆಳವಾದ ಗುಂಡಿಯಾಗಿತ್ತು. ಅಲ್ಲಿಂದ ಮೇಲೆ ಬರುವ ದಾರಿಯ ತುಂಬ ಕಲ್ಲಿನ ಪುಡಿ. ಯಜಮಾನರ ಹತ್ತಿರ ಒಂದು ಹಳೆಯ ಅಮೆರಿಕನ್ ಪಿಕಪ್ ಇತ್ತು. ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಲೋಡು ಹಾಕಿದರೆ ಆ ಎರಡೂ ನಿಂತಲ್ಲೇ ಗಿರಗಿರ ತಿರುಗಿ ಪುಡಿ ಎರಚುತ್ತಿದ್ದವು. ಆಗ ಯಜಮಾನರ ಬಾಮೈದ ಎರಡು ಜೊತೆ ಎತ್ತು ಹೊಡೆದುಕೊಂಡು ಬರಬೇಕು, ಹಗ್ಗ ಕಟ್ಟಬೇಕು, ಗಾಡಿಯನ್ನು ಮೇಲಕ್ಕೆ ಎಳೆಸಬೇಕು. ಪ್ರತಿ ಸಲವೂ ಅವನದು ಒಂದು ಮಾತು ಇದ್ದೇ ಇರುತ್ತಿತ್ತು.

"ಭಾವ, ಇದಕ್ಕೆ ಕುಡಿಸೋದು ಪೆಟ್ರೋಲು, ಎಳೆಯೋರು ಮಾತ್ರ ನಮ್ ಬಸವಣ್ಣಗಳು."

ಯಜಮಾನರಿಗೆ ಏರಿಗಿಂತ ಈ ಮಾತು ಹೆಚ್ಚು ಚುಚ್ಚುತ್ತಿತ್ತು.

ಜಯನಗರದ ಅಂಚಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಮೇಸ್ತ್ರಿಯೊಬ್ಬರು ಮುಂದಿನ ಚಕ್ರಗಳಿಗೂ ಬಲ ಕೊಡಬಹುದು ಎಂದರು. ಐವತ್ತರ ವಯಸ್ಸು, ದಪ್ಪ ಗಾಜಿನ ಕನ್ನಡಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ದುಡಿದವರು. ಮಿಲಿಟರಿಯವರು ಹರಾಜು ಹಾಕಿದ, ನಾಲ್ಕೂ ಚಕ್ರಕ್ಕೆ ಬಲವಿದ್ದ ಹಳೆಯ ಲಾರಿಯೊಂದರ ಮುಂದಿನ ಆಕ್ಸೆಲ್ ತಮಗೆ ಗೊತ್ತಿರುವ ಗುಜರಿಯಲ್ಲಿದೆ, ಕೂರಿಸುತ್ತೇನೆ ಎಂದರು. ಬಾಮೈದ ಅಲ್ಲೇ ನಿಂತಿದ್ದ.

"ಮೇಸ್ತ್ರಿ, ಸತ್ತ ಲಾರಿ ಕಾಲು ಕತ್ತರಿಸಿ ಇದಕ್ಕೆ ಹಾಕಿದ್ರೆ ನಡೀತದಾ?"

"ನಡೆಯೋದಲ್ಲ, ಹತ್ತುತ್ತೆ."

"ಹತ್ತದಿದ್ರೆ?"

"ಎತ್ತು ಬಿಚ್ಚಿ ನೊಗಕ್ಕೆ ನನ್ನ ಕಟ್ಟಿ."

ಶೆಡ್ಡಿನ ಮುಂದೆ ಆರೇಳು ಜನ ಇದ್ದರು. ಎಲ್ಲರೂ ನಕ್ಕರು, ಮೇಸ್ತ್ರಿಯೂ ನಕ್ಕರು. ಬಾಮೈದ ನಗಲಿಲ್ಲ.

ಕೆಲಸ ಒಂದು ತಿಂಗಳ ಮೇಲೆ ನಡೆಯಿತು. ಕಚೇರಿಗೆ ಹೋಗುವ ದಾರಿಯಲ್ಲಿ ನಾನು ಆಗಾಗ ನಿಂತು ನೋಡುತ್ತಿದ್ದೆ. ಮುಂದಿನ ಹಳೆಯ ಕಬ್ಬಿಣ ಬಿಚ್ಚಿ ಲಾರಿಯ ಆಕ್ಸೆಲ್ ಹಾಕಿದರು. ಅದು ಅಗಲವಾಗಿತ್ತು, ಸ್ಪ್ರಿಂಗ್ ಪಟ್ಟಿಗಳ ಜಾಗ ಬದಲಾಯಿಸಿದರು. ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚಲು ಚಾಸಿಯ ನಡುವೆ ಇನ್ನೊಂದು ಗೇರ್ ಪೆಟ್ಟಿಗೆ ಕೂರಿಸಿ, ಮುಂದಿನ ಚಕ್ರಗಳನ್ನು ಜೋಡಿಸುವುದಕ್ಕೂ ಬಿಡಿಸುವುದಕ್ಕೂ ಡ್ರೈವರನ ಕಾಲ ಬಳಿ ಒಂದು ಲಿವರ್ ಎಬ್ಬಿಸಿದರು. ಕೊನೆಗೆ ಗಾಡಿಯನ್ನು ಕಲ್ಲುಗಳ ಮೇಲೆ ಎತ್ತಿ ನಿಲ್ಲಿಸಿ, ಟೈರುಗಳ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಕೈಯಿಂದ ತಿರುಗಿಸಿ ಎಣಿಸಿದರು. ಹಿಂದಿನದೂ ಮುಂದಿನದೂ ಒಂದೇ ಲೆಕ್ಕದಲ್ಲಿ ತಿರುಗಬೇಕಂತೆ. ಮುಂದಿನ ಗೆರೆಯೂ ಹಿಂದಿನ ಗೆರೆಯೂ ಒಟ್ಟಿಗೇ ಮೇಲೆ ಬಂದವು. ಮೂರು ಸಲ ಎಣಿಸಿದ್ದನ್ನು ನಾನು ನೋಡಿದ್ದೇನೆ.

ಗಾಡಿ ಒಪ್ಪಿಸುವ ದಿನ ಅವರು ಯಜಮಾನರಿಗೆ ಹೇಳಿದ ಮಾತೂ ನನ್ನ ಎದುರೇ ಆದದ್ದು.

"ಈ ಲಿವರ್ ಏರಿನಲ್ಲಿ ಮಾತ್ರ ಹಾಕಿ. ಟಾರು ರಸ್ತೆಯಲ್ಲಿ ಬೇಡ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡ್ಬೇಕು, ಹಿಂದಿನದು ಕಮ್ಮಿ. ಮಣ್ಣಲ್ಲಾದ್ರೆ ಜಾರಿ ಸರಿ ಮಾಡ್ಕೊಳ್ಳುತ್ತೆ. ಟಾರಲ್ಲಿ ಜಾರಲ್ಲ. ಆ ಜಗಳ ಎಲ್ಲಾ ಪೆಟ್ಟಿಗೆ ಹಲ್ಲಿಗೆ ಬರುತ್ತೆ."

ಯಜಮಾನರು ತಲೆಯಾಡಿಸಿದರು. ಪೂಜೆಯಾಯಿತು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. "ಮುಂದಿನ ನಿಂಬೆಹಣ್ಣಿಗೆ ಇವತ್ತು ಕೆಲಸ ಸಿಕ್ತು" ಎಂದು ಯಾರೋ ಅಂದರು.

ಮಾರನೆಯ ದಿನದಿಂದ ಯಜಮಾನರು ನನ್ನನ್ನು ಜಯನಗರದವರೆಗೆ ಗಾಡಿಯಲ್ಲಿ ಬಿಡತೊಡಗಿದರು. ನಾನು ಅವರ ಪಕ್ಕದಲ್ಲಿ ಕೂರುತ್ತಿದ್ದೆ. ಹಳ್ಳಿಯ ಮಣ್ಣು ದಾರಿ ಮುಗಿದು ಟಾರು ಹತ್ತಿದಾಗಲೂ ಲಿವರ್ ಹಾಕಿದ್ದು ಹಾಕಿದ ಹಾಗೇ ಇತ್ತು.

"ಮೇಸ್ತ್ರಿ ಬೇಡ ಅಂದಿದ್ರಲ್ಲ" ಎಂದೆ.

"ಏನ್ರೀ ಪೇಪರ್ನೋರೆ, ನಾಲ್ಕು ಎತ್ತು ಇಟ್ಕೊಂಡು ಎರಡನ್ನ ಸುಮ್ನೆ ಪಕ್ಕದಲ್ಲಿ ನಡೆಸ್ತಾರಾ? ಹೊಸ ಎತ್ತನ್ನ ಏರಿಗೆ ಮುಂಚೆ ಬಯಲಲ್ಲಿ ಪಳಗಿಸ್ಬೇಕು. ಇಲ್ದಿದ್ರೆ ಏರಲ್ಲಿ ಮಲಗಿಬಿಡ್ತದೆ."

ಎಂಟು ದಿನ ಹಾಗೆ ಪಳಗಿಸಿದರು. ಕಲ್ಲು ಕೊಳ್ಳುವವರ ಮನೆಗಳ ಮುಂದೆಲ್ಲ ಗಾಡಿ ಸುತ್ತಿಸಿದರು. ಮೂಲೆ ತಿರುಗುವಾಗ ಮುಂದಿನ ಟೈರು ಕಿರುಚುತ್ತಿತ್ತು. ಸ್ಟಿಯರಿಂಗು ತಿರುಗಿಸಲು ಎರಡು ಕೈಯೂ ಸಾಲುತ್ತಿರಲಿಲ್ಲ. "ಕುತ್ತಿಗೆ ಕೊಡಲ್ಲ ಅಂತಾನೆ, ಬಡ್ಡೀಮಗ. ಇನ್ನೆರಡು ದಿನ" ಎಂದು ಯಜಮಾನರು ಖುಷಿಯಿಂದ ಬೆವರು ಒರೆಸಿಕೊಂಡರು. ನಾನು ಮತ್ತೆ ಮಾತೆತ್ತಲಿಲ್ಲ.

ಒಂಬತ್ತನೆಯ ದಿನ ಪರೀಕ್ಷೆ. ಬಾಮೈದ ಎತ್ತುಗಳನ್ನು ತಂದು ಏರಿನ ಮೇಲೆ ನಿಲ್ಲಿಸಿಕೊಂಡಿದ್ದ. ಅರ್ಧ ಊರು ಸೇರಿತ್ತು, ಮೇಸ್ತ್ರಿಯೂ ಬಂದಿದ್ದರು. ಪಾಯಕ್ಕೆ ಹಾಕುವ ಸೈಜುಗಲ್ಲು ಪೂರ್ತಿ ತುಂಬಿಸಿದರು. ಯಜಮಾನರೇ ಓಡಿಸಿದರು. ಗಾಡಿ ನಿಧಾನಕ್ಕೆ ಹತ್ತಿತು. ಮುಂದಿನ ಚಕ್ರಗಳು ಪುಡಿಯನ್ನು ಕಚ್ಚಿ ಎಳೆಯುವುದು ಕಾಣುತ್ತಿತ್ತು. ಅರ್ಧ ದಾರಿಯಲ್ಲಿ ಕಟ್ ಎಂದಿತು. ಮುಂದಿನ ಚಕ್ರಗಳು ನಿಂತವು, ಹಿಂದಿನವು ಗಿರಗಿರ ತಿರುಗಿದವು, ಗಾಡಿ ಹಿಂದಕ್ಕೆ ಜಾರಿತು. ಆಳುಗಳು ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದರು.

ಮೇಸ್ತ್ರಿ ಗಾಡಿಯ ಕೆಳಗೆ ನುಗ್ಗಿ ನೋಡಿ ಹೊರಗೆ ಬಂದರು. ಮೊಳಕೈವರೆಗೆ ಎಣ್ಣೆ.

"ಯಜಮಾನ್ರೆ, ಟಾರಲ್ಲಿ ಲಿವರ್ ಹಾಕಿದ್ರಾ?"

"ಇಲ್ಲ."

"ಒಂದು ದಿನಾನೂ?"

"ಇಲ್ಲ ಅಂದ್ನಲ್ಲ. ನಿನ್ನ ಕೆಲಸ ಕೆಟ್ಟಿದ್ದಕ್ಕೆ ನನ್ನ ಕೇಳ್ತೀಯಾ?"

ಮೇಸ್ತ್ರಿ ನನ್ನ ಕಡೆ ತಿರುಗಿದರು. "ಸಾರ್, ನೀವು ದಿನಾ ಜೊತೆಗೆ ಬರ್ತಿದ್ರಲ್ಲ. ನೀವು ಹೇಳಿ."

ಎಲ್ಲರೂ ನನ್ನನ್ನು ನೋಡಿದರು. ನಾನು ಗಮನಿಸಲಿಲ್ಲ ಎಂದೆ.

ಮನೆ ಅವರದು, ಬಾವಿ ಅವರದು, ಹೆಂಡತಿಗೆ ಆಗ ಎಂಟು ತಿಂಗಳು. ಇವನ್ನೆಲ್ಲ ನಾನು ಆಮೇಲೆ ಕಾರಣವಾಗಿ ಜೋಡಿಸಿಕೊಂಡೆ. ಆ ಕ್ಷಣದಲ್ಲಿ ತಲೆಯಲ್ಲಿ ಇವು ಯಾವುವೂ ಇರಲಿಲ್ಲ. ನಗಲು ಕಾದಿದ್ದ ಕಡೆ ಜನ ಹೆಚ್ಚಿದ್ದರು, ನಾನು ಆ ಕಡೆ ನಿಂತಿದ್ದೆ. ಅಷ್ಟೇ.

ಬಾಮೈದ ಮುಂದಿನ ಜೊತೆಯಲ್ಲಿ ಒಂದು ಎತ್ತು ಬಿಚ್ಚಿದ. "ಬಾ ಮೇಸ್ತ್ರಿ, ನಿನ್ನ ಜಾಗ ಖಾಲಿ ಆಯ್ತು."

ಮೇಸ್ತ್ರಿ ಯಜಮಾನರನ್ನು ನೋಡಿದರು. ಯಜಮಾನರು, "ಮಾತು ಮಾತೇ. ಆಡಿದೋನು ನೀನೇ ತಾನೆ?" ಎಂದರು.

ಮೇಸ್ತ್ರಿ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಹತ್ತಿರ ನಿಂತಿದ್ದವನು ನಾನೇ ಆದ್ದರಿಂದ ಕೊಟ್ಟಿರಬೇಕು. ಹೋಗಿ ನೊಗದ ಕೆಳಗೆ ಹೆಗಲು ಇಟ್ಟರು. ಎತ್ತು ಅವರಿಗಿಂತ ಎತ್ತರವಿದ್ದು ನೊಗ ಅವರ ಕಡೆಗೆ ವಾಲಿತು. ಎತ್ತು ಒಂದು ಹೆಜ್ಜೆ ಎಳೆದದ್ದೇ ಅವರು ಮಂಡಿಯೂರಿ ಬಿದ್ದರು.

"ಬಾಲ ತಿರುಚ್ರೋ ಅದಕ್ಕೆ!" ಎಂದ ಬಾಮೈದ. ಒಬ್ಬ ಹಿಡಿ ಹುಲ್ಲು ಕಿತ್ತು ಅವರ ಮುಂದೆ ಎಸೆದ. ಜಲ್ಲಿ ಕುಟ್ಟುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿದ್ದರು. ಅವರು ಯಾರೂ ನಗಲಿಲ್ಲ. ನಾನು ನಕ್ಕೆ, ಜೋರಾಗಿ ಅಲ್ಲ. ಅವರನ್ನು ಎಬ್ಬಿಸಿ ಮತ್ತೆ ನಡೆಸಿದರು, ಏರು ಮುಗಿಯುವವರೆಗೂ. ಗಾಡಿ ಎಳೆದದ್ದು ಉಳಿದ ಮೂರು ಎತ್ತು. ಮೇಲೆ ಬಂದಾಗ ಅವರ ಬಲ ಹೆಗಲಿನ ಚರ್ಮ ಸುಲಿದಿತ್ತು. ಕನ್ನಡಕ ವಾಪಸು ಕೊಟ್ಟೆ.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ನನ್ನ ಮನೆ ಬಾಗಿಲಿಗೆ ಬಂದರು. ರಾತ್ರಿ ಪೆಟ್ಟಿಗೆ ಬಿಚ್ಚಿ ತೆಗೆದ ಮುರಿದ ಗೇರನ್ನು ಚಿಂದಿಬಟ್ಟೆಯಲ್ಲಿ ಸುತ್ತಿ ತಂದಿದ್ದರು.

"ನೋಡಿ ಸಾರ್. ಮುರಿದ ಹಲ್ಲು ಹೊಳೀತಾ ಇದೆ, ಅದು ನಿನ್ನೇದು. ಪಕ್ಕದ ಹಲ್ಲುಗಳು ಒಂದೇ ಕಡೆ ಸವೆದು ನೀಲಿ ತಿರುಗಿವೆ, ಕಾದು ಕಾದು. ಇದು ಐದು ನಿಮಿಷದ ಏರಲ್ಲಿ ಆಗೋದಲ್ಲ."

ನಾನು ಗೇರನ್ನು ಅತ್ತಿತ್ತ ತಿರುಗಿಸಿ ನೋಡಿ ವಾಪಸು ಕೊಟ್ಟೆ.

"ಜನದ ಮುಂದೆ ಹೇಳೋದು ಬೇಡ. ನನಗೊಬ್ಬನಿಗೆ ಹೇಳಿ. ನನ್ನ ಲೆಕ್ಕ ತಪ್ಪಿತ್ತೋ ಇಲ್ಲವೋ? ತಪ್ಪಿರಲಿಲ್ಲ ಅಂತ ಗೊತ್ತಾದ್ರೆ ಸಾಕು, ಇನ್ನೊಂದು ಗಾಡಿಗೆ ಕೈ ಹಾಕ್ತೀನಿ. ಇಲ್ಲಾಂದ್ರೆ ಈ ಕೈಯನ್ನ ನಾನೇ ನಂಬೋಕಾಗಲ್ಲ."

ಪಡಸಾಲೆಯಲ್ಲಿ ನಾವಿಬ್ಬರೇ ಇದ್ದೆವು. ಯಜಮಾನರು ಊರಲ್ಲಿರಲಿಲ್ಲ. ಹೇಳಿದ್ದರೆ ಯಾರಿಗೂ ಕೇಳುತ್ತಿರಲಿಲ್ಲ. ಆದರೆ ಹಿಂದಿನ ದಿನ ಸುಳ್ಳು ಹೇಳಿದ್ದೆ ಎಂದು ಮೊದಲು ಒಪ್ಪಿಕೊಳ್ಳಬೇಕಿತ್ತು.

"ನನಗೆ ಗಾಡಿ ವಿಷಯ ತಿಳಿಯಲ್ಲ ಮೇಸ್ತ್ರಿ" ಎಂದೆ.

ಅವರು ಗೇರನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ಆ ತಿಂಗಳಲ್ಲೇ ಶೆಡ್ಡು ಮುಚ್ಚಿತು.

ಯಜಮಾನರು ಗಾಡಿಯನ್ನು ಬೇರೊಬ್ಬ ಮೆಕ್ಯಾನಿಕ್ಕಿಗೆ ಕೊಟ್ಟರು. ಅವನು ಆ ಒಂದು ಗೇರ್ ಬದಲಾಯಿಸಿದ. ಆಕ್ಸೆಲ್, ಪೆಟ್ಟಿಗೆ, ಲಿವರ್ ಯಾವುದನ್ನೂ ಮುಟ್ಟಲಿಲ್ಲ. ಟಾರಲ್ಲಿ ಲಿವರ್ ಹಾಕಬೇಡಿ ಎಂದು ಅವನೂ ಹೇಳಿದ. ಈ ಸಲ ಯಜಮಾನರು ಕೇಳಿದರು. ಗಾಡಿ ತುಂಬಿದ ಲೋಡಿನಲ್ಲಿ ಒಂದೇ ಉಸಿರಿಗೆ ಏರು ಹತ್ತಿತು. ಹೊಸ ಮೆಕ್ಯಾನಿಕ್ಕಿಗೆ ಹಾರ ಹಾಕಿದರು. ಬಾಮೈದ ಒಂದು ಜೊತೆ ಎತ್ತು ಮಾರಿದ.

ಎಷ್ಟೋ ತಿಂಗಳ ಮೇಲೆ ಯಜಮಾನರ ಜೊತೆ ಬನಶಂಕರಿ ಗುಡಿಯ ಕಡೆ ಹೋಗುತ್ತಿದ್ದಾಗ ರಸ್ತೆ ಬದಿಯಲ್ಲಿ ಮೇಸ್ತ್ರಿ ಸೈಕಲ್ ಪಂಕ್ಚರ್ ಹಾಕುತ್ತಾ ಕೂತಿದ್ದರು. ಯಜಮಾನರು ಬೇಕೆಂದೇ ಗಾಡಿ ನಿಲ್ಲಿಸಿದರು. ಗಾಡಿಯ ತುಂಬ ಕಲ್ಲಿತ್ತು. ಮೇಸ್ತ್ರಿ ಎದ್ದು ಹತ್ತಿರ ಬಂದರು.

"ಹತ್ತುತ್ತಾ ಯಜಮಾನ್ರೆ?"

"ಕುದುರೆ ಹತ್ತಿದ ಹಾಗೆ."

"ಏನು ಬದಲಾಯಿಸಿದ್ರು?"

"ಎಲ್ಲಾ. ನಿನ್ನದು ಒಂದು ಬೋಲ್ಟೂ ಉಳಿಸಲಿಲ್ಲ." ನನ್ನ ಕಡೆ ತಿರುಗಿ, "ಅಲ್ವಾ ಪೇಪರ್ನೋರೆ?" ಎಂದರು.

ಹೌದು ಎಂದೆ.

ಮೇಸ್ತ್ರಿ ಕೈ ಒರೆಸಿಕೊಂಡು, ಒಂದು ಮಂಡಿ ನೆಲಕ್ಕೂರಿ, ಗಾಡಿಯ ಕೆಳಗೆ ನೋಡಲು ಬಗ್ಗಿದರು. ಅವರ ತಲೆ ಪೂರ್ತಿ ಕೆಳಗೆ ಹೋಗುವ ಮುಂಚೆ, ಆಕ್ಸೆಲ್ ಕಣ್ಣಿಗೆ ಬೀಳುವ ಮುಂಚೆಯೇ, ಯಜಮಾನರು ಗಾಡಿ ಹೊರಡಿಸಿದರು.