ಅವತ್ತು ಬಿಸಿಲಿರಲಿಲ್ಲ

ಕಳೆದ ವಾರ ಇಲ್ಲಿ ಜರ್ಮನಿಯ ಶ್ವೀಬರ್ಡಿಂಗೆನ್ ಊರಿನ ಔಷಧಿ ಅಂಗಡಿಯಲ್ಲಿ ಸರದಿಗೆ ನಿಂತಿದ್ದೆ. ನನ್ನ ಮುಂದಿದ್ದ ಅಜ್ಜಿಯೊಬ್ಬರು ಕುದುರೆಯ ಚಿತ್ರವಿದ್ದ ಮುಲಾಮಿನ ಡಬ್ಬಿ ತೆರೆದು ಮೂಸಿ ನೋಡಿದರು. ಪುದೀನ, ಕರ್ಪೂರ, ಅವೆರಡರ ಹಿಂದೆ ಯಾವುದೋ ಕಹಿ ಸೊಪ್ಪು... ವಾಸನೆ ಮೂಗಿಗೆ ತಾಕಿದ್ದೇ ತಡ, ನನ್ನ ಎಡಗಾಲಿನ ಕೀಲು ತಾನಾಗಿಯೇ ಬಿಗಿಯಿತು. ಕೊಳ್ಳಬೇಕಾಗಿದ್ದ ಮಾತ್ರೆಯನ್ನೂ ಕೊಳ್ಳದೆ ಹೊರಗೆ ಬಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತುಬಿಟ್ಟೆ.

ಅದು ನನ್ನ ಫಿಸಿಯೋಥೆರಪಿಸ್ಟ್ ಕೈಗಳ ವಾಸನೆ.

ಕೆಲವು ಚಳಿಗಾಲಗಳ ಹಿಂದೆ ಮನೆಯ ಮೆಟ್ಟಿಲ ಮೇಲಿನ ಮಂಜುಗಡ್ಡೆಯಲ್ಲಿ ಜಾರಿ ಪಾದ ಮುರಿದುಕೊಂಡಿದ್ದೆ. ಪಟ್ಟಿ ಬಿಚ್ಚಿದ ಮೇಲೆ ಡಾಕ್ಟರ್ ಫಿಸಿಯೋಥೆರಪಿಗೆಂದು ರೆಜೆಪ್ಟ್ ಬರೆದುಕೊಟ್ಟರು. ಆ ಚೀಟಿ ಹಿಡಿದು ಚರ್ಚಿನ ಹಿಂದಿನ ಬೀದಿಯಲ್ಲಿದ್ದ ಸಣ್ಣ ಚಿಕಿತ್ಸಾಲಯಕ್ಕೆ ಕುಂಟುತ್ತಾ ಹೋದಾಗ ಬಾಗಿಲು ತೆರೆದವರು ಅವರು. ಜಪಾನಿನವರು, ಅರವತ್ತರ ಆಸುಪಾಸಿನ ವಯಸ್ಸು, ನನ್ನ ಭುಜಕ್ಕೆ ಬರುವಷ್ಟು ಎತ್ತರ. ಅವರ ಜರ್ಮನ್‌ನಲ್ಲಿ ಇಲ್ಲಿನ ಹಳ್ಳಿಯವರ ಎಳೆತ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಕಣ್ಣು ಮುಚ್ಚಿಕೊಂಡು ಕೇಳಿದರೆ ಪಕ್ಕದ ಮನೆಯ ಮುದುಕಿ ಮಾತನಾಡಿದಂತಿರುತ್ತಿತ್ತು. ಹದಿನೈದು ವರ್ಷದಿಂದ ಇಲ್ಲಿರುವ ನನ್ನ ಜರ್ಮನ್ ಈಗಲೂ ಆಫೀಸಿನ ಮೇಲ್‌ನ ಹಾಗೆ ಒಣಗಿಕೊಂಡೇ ಇದೆ.

ವಾರಕ್ಕೆರಡು ಸಲ, ಇಪ್ಪತ್ತು ನಿಮಿಷ. ಮೊದಲ ಕೆಲವು ಸಲ ನಾವು ಕಾಲಿನ ವಿಷಯ ಬಿಟ್ಟು ಬೇರೇನೂ ಮಾತನಾಡಲಿಲ್ಲ. ಐದನೆಯ ಸಲವೋ ಆರನೆಯ ಸಲವೋ, ಪಾದದಡಿ ಉರುಳಿಸಲು ಕೊಟ್ಟಿದ್ದ ರಬ್ಬರ್ ಚೆಂಡು ನನ್ನಿಂದ ತಪ್ಪಿಸಿಕೊಂಡು ಅವರ ಕಡೆ ಉರುಳಿತು. ಅವರು ಫೈಲಿನಲ್ಲಿ ಏನೋ ಬರೆಯುತ್ತಾ ನಿಂತಿದ್ದರು. ತಲೆ ಎತ್ತಲಿಲ್ಲ. ಚಪ್ಪಲಿಯ ತುದಿಯಿಂದ ಚೆಂಡನ್ನು ಎಳೆದು, ಮೇಲಕ್ಕೆ ಎತ್ತಿ, ಮೊಣಕಾಲಿನ ಮೇಲೆ ಒಮ್ಮೆ ಕುಣಿಸಿ, ಎಡಗೈಯಲ್ಲಿ ಹಿಡಿದು ನನಗೆ ಕೊಟ್ಟರು. ಬಲಗೈ ಬರೆಯುತ್ತಲೇ ಇತ್ತು.

ನಾನು ಬಾಯಿ ತೆರೆದು ನೋಡುತ್ತಿದ್ದೆ. ಅವರಿಗೆ ನಾಚಿಕೆಯಾಯಿತು. "ಕಾಲು ಮರೆಯಲ್ಲ, ನೋಡಿ," ಅಂದರು.

ಅಲ್ಲಿಂದ ಶುರುವಾಯಿತು. ಕೀಲು ನೀವುತ್ತಾ ನೀವುತ್ತಾ, ಒಂದೊಂದು ಸಲಕ್ಕೆ ಒಂದೊಂದು ತುಂಡು, ಅವರು ತಮ್ಮ ಕಥೆ ಹೇಳಿದರು.

ಜಪಾನಿನ ಒಂದು ಸಣ್ಣ ಬಂದರಿನ ಊರು. ಅಪ್ಪ ಮೀನುಗಾರರ ದೋಣಿಗಳ ಎಂಜಿನ್ ರಿಪೇರಿ ಮಾಡುವವರು. ಮಗಳು ಕೇರಿಯ ಹುಡುಗರ ಜೊತೆ ಚೆಂಡಾಡುತ್ತಾ ಬೆಳೆದಳು. ಮುಂದಿನ ಶಾಲೆಗೆ ಹೋದಾಗ ಅಲ್ಲಿ ಹೆಣ್ಣುಮಕ್ಕಳಿಗೆ ತಂಡವೇ ಇರಲಿಲ್ಲ. ಗೋಡೆಗೆ ಒದ್ದು ಒದ್ದು ಕಲಿತಳು. ಇಪ್ಪತ್ತೆರಡನೆಯ ವಯಸ್ಸಿಗೆ, ಕಾರ್ಲ್ಸ್‌ರುಹೆ ಕಡೆಯ ಒಂದು ಊರಿನ ಮಹಿಳಾ ಫುಟ್‌ಬಾಲ್ ತಂಡಕ್ಕೆ ತಾನೇ ಕಾಗದ ಬರೆದಳು. ಬಂದು ಆಡಿ ತೋರಿಸು ಎಂದು ಉತ್ತರ ಬಂತು. ಆ ಕಾಲಕ್ಕೆ ಅವಳ ದೇಶದ ಯಾವ ಹುಡುಗಿಯೂ ಈ ಸೀಮೆಯಲ್ಲಿ ಆಡಿರಲಿಲ್ಲ. ಹೊರಡುವ ದಿನ ಅಪ್ಪ ರೈಲು ನಿಲ್ದಾಣಕ್ಕೆ ಬರಲಿಲ್ಲ. ದೋಣಿ ರಿಪೇರಿ ಇದೆ ಅಂದರಂತೆ.

ಬೆಳಗ್ಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ, ಸಂಜೆ ಅಭ್ಯಾಸ. ಹೆಸರು ಹೇಳಲು ಬಾರದೆ ತಂಡದವರು ಅವರನ್ನು ಅಂಗಿಯ ನಂಬರಿನಿಂದಲೇ ಕರೆದರು: ಏಳು. ಎದುರು ತಂಡದವರು ಬೇರೆ ಏನೇನೋ ಕರೆಯುತ್ತಿದ್ದರು, ಅದನ್ನು ಅವರು ನನಗೆ ಹೇಳಲಿಲ್ಲ. ಮೊದಲ ವರ್ಷವೆಲ್ಲ ಬೆಂಚಿನ ಮೇಲೆ. ಎರಡನೆಯ ವರ್ಷದಿಂದ ಅವರಿಲ್ಲದೆ ತಂಡವೇ ಮೈದಾನಕ್ಕೆ ಇಳಿಯುತ್ತಿರಲಿಲ್ಲ. ಒಟ್ಟು ಎಂಟು ವರ್ಷ. ಜಪಾನಿನಲ್ಲಿ ರಾಷ್ಟ್ರೀಯ ತಂಡ ಕಟ್ಟುವವರಿಗೆ ಮೂರು ಸಲ ಕಾಗದ ಹಾಕಿದರು. ಬಿಟ್ಟುಹೋದವಳು ಹೋದಳು ಎನ್ನುವ ಹಾಗೆ ಯಾರೂ ಉತ್ತರಿಸಲಿಲ್ಲ. ಅಮ್ಮ ಮಾತ್ರ ಅಪ್ಪನಿಗೆ ತಿಳಿಯದಂತೆ ಒಣಮೀನು, ಉಣ್ಣೆಯ ಕಾಲುಚೀಲ ಕಳಿಸುತ್ತಿದ್ದರು. ಏಳನೆಯ ವರ್ಷ ಆ ಅಮ್ಮನೂ ತೀರಿಕೊಂಡರು.

ಮಾರನೆಯ ವರ್ಷ ಅಪ್ಪನಿಂದ ಒಂದು ಕಾರ್ಡ್ ಬಂತು. ಬರುತ್ತೇನೆ ಎಂದಷ್ಟೇ ಇತ್ತು. ಅದುವರೆಗೆ ವಿಮಾನವನ್ನೇ ಹತ್ತದಿದ್ದ ಮನುಷ್ಯ.

"ಅಪ್ಪ ಇದ್ದದ್ದು ಹತ್ತು ದಿನ. ನಡುವೆ ಬಂದದ್ದು ಒಂದೇ ಭಾನುವಾರ, ಒಂದೇ ಮ್ಯಾಚ್," ಅಂದರು. ನನ್ನ ಪಾದದ ಮೇಲೆ ಅವರ ಕೈ ನಿಂತಿತ್ತು. ಆ ಭಾನುವಾರಕ್ಕೂ ಮೊದಲೇ ಇವರ ಮೊಣಕಾಲು ಊದಿಕೊಂಡಿತ್ತು. ಮೂರು ವಾರ ಆಡಕೂಡದು ಎಂದು ಡಾಕ್ಟರ್ ಹೇಳಿದ್ದರು. ಅದನ್ನು ಕೋಚ್‌ಗೆ ಹೇಳದೆ ಮುಚ್ಚಿಟ್ಟರು. ತಂಡದ ಕ್ಯಾಪ್ಟನ್ ಒಬ್ಬಳಿಗೇ ಗೊತ್ತಿತ್ತು. ಅವಳೇ ಬಟ್ಟೆ ಬದಲಿಸುವ ಕೋಣೆಯಲ್ಲಿ ಬೈಯುತ್ತಾ ಬೈಯುತ್ತಾ ಬಿಗಿಯಾಗಿ ಪಟ್ಟಿ ಸುತ್ತಿದಳಂತೆ.

ಒಂಬತ್ತನೆಯ ನಿಮಿಷದಲ್ಲಿ ಇಬ್ಬರನ್ನು ದಾಟಿ ಗೋಲ್ ಹೊಡೆದರು. ಹನ್ನೆರಡನೆಯ ನಿಮಿಷದಲ್ಲಿ ಒದ್ದೆ ಹುಲ್ಲಿಗೆ ಕಾಲು ಸಿಕ್ಕಿಕೊಂಡಿತು, ಮೈ ತಿರುಗಿತು, ಮೊಣಕಾಲು ತಿರುಗಲಿಲ್ಲ. ಮತ್ತೆ ಅವರು ಯಾವ ತಂಡಕ್ಕೂ ಆಡಲಿಲ್ಲ.

ಆಸ್ಪತ್ರೆಯಲ್ಲಿ ಅಪ್ಪ ಹಾಸಿಗೆಯ ಪಕ್ಕ ಕುಳಿತು ಸೇಬಿನ ಸಿಪ್ಪೆ ತೆಗೆಯುತ್ತಿದ್ದರು. ಗೋಲ್ ನೋಡಿದಿರಾ ಎಂದು ಇವರು ಕೇಳಿದರು.

"ಅಪ್ಪ ಏನಂದರು ಗೊತ್ತಾ? 'ಬಿಸಿಲು ಕಣ್ಣಿಗೆ ಹೊಡೀತಿತ್ತು, ಸರಿಯಾಗಿ ಕಾಣಿಸಲಿಲ್ಲ' ಅಂದರು." ಅವರು ಮತ್ತೆ ಮುಲಾಮು ತೆಗೆದುಕೊಂಡರು. "ಅವತ್ತು ಬಿಸಿಲೇ ಇರಲಿಲ್ಲ."

ಅಷ್ಟು ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಅಪ್ಪ ಊರಿಗೆ ಹೋದರು. ಹೊಸ ವರ್ಷಕ್ಕೆ ಒಂದು ಫೋನು, ಅಷ್ಟೇ. ನಾಲ್ಕು ವರ್ಷದ ಮೇಲೆ ಅವರೂ ತೀರಿಕೊಂಡರು. ಮಗಳು ಇಲ್ಲೇ ಉಳಿದು, ತನ್ನ ಮೊಣಕಾಲನ್ನು ನೆಟ್ಟಗೆ ಮಾಡಿದ ವಿದ್ಯೆಯನ್ನೇ ಕಲಿತು, ಮೂವತ್ತು ವರ್ಷ ಇನ್ನೊಬ್ಬರ ಕಾಲು ಹಿಡಿದರು.

ನನ್ನ ಕೊನೆಯ ಚಿಕಿತ್ಸೆಯ ದಿನ ಅವರು ಬೀರುವಿನಿಂದ ಒಂದು ಹಳೆಯ ವಿಡಿಯೋ ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟರು. ಕ್ಯಾಪ್ಟನ್‌ನ ಗಂಡ ಆಗ ಊರಿನ ಮ್ಯಾಚುಗಳನ್ನೆಲ್ಲ ಚಿತ್ರೀಕರಿಸುತ್ತಿದ್ದನಂತೆ. ಆ ಭಾನುವಾರದ್ದು ಇದು. ತಾನು ಬೀಳುವುದನ್ನು ನೋಡಲಾರದೆ ಇಷ್ಟು ವರ್ಷ ಅವರು ಅದನ್ನು ಹಾಕಿಯೇ ಇರಲಿಲ್ಲ. ಈಗ ನೋಡಬೇಕು ಅನ್ನಿಸುತ್ತಿದೆ, ಆದರೆ ಹಾಕುವ ಯಂತ್ರವೇ ಇಲ್ಲ, ಅಂದರು. ನಾನು ಕಾರುಗಳಿಗೆ ಕ್ಯಾಮೆರಾ ಜೋಡಿಸುವ ಕಂಪನಿಯಲ್ಲಿ ಎಂಜಿನಿಯರ್. ಅವರು ಕೇಳಲಿಲ್ಲ, ನಾನೇ ಕೈ ಚಾಚಿದೆ. "ಇದೇನು ದೊಡ್ಡ ಕೆಲಸ, ಎರಡು ವಾರದಲ್ಲಿ ನಿಮ್ಮ ಫೋನಿಗೇ ಹಾಕಿಕೊಡ್ತೀನಿ," ಅಂದೆ. ಅವರು ಎರಡೂ ಕೈಯಿಂದ ಕ್ಯಾಸೆಟ್ ಹಿಡಿದು, ತಲೆ ಬಾಗಿಸಿ ಕೊಟ್ಟರು.

ಮನೆಗೆ ತಂದು ಪುಸ್ತಕದ ಕಪಾಟಿನಲ್ಲಿಟ್ಟೆ. ಆ ತಿಂಗಳು ಆಫೀಸಿನಲ್ಲಿ ಪ್ರಾಜೆಕ್ಟಿನ ಗಡುವು. ಆಮೇಲೆ ಮೈಸೂರಿಗೆ ಹೋದೆವು, ತಂಗಿಯ ಮದುವೆ. ಬಂದ ಮೇಲೆ ಮಗಳ ಶಾಲೆ, ಮತ್ತೊಂದು ಗಡುವು... ಧೂಳು ಒರೆಸುವಾಗ ಯಜಮಾನರು ಒಂದೆರಡು ಸಲ ಕೇಳಿದರು, "ಈ ಕ್ಯಾಸೆಟ್ ಇನ್ನೂ ಇಲ್ಲೇ ಇದೆಯಲ್ಲೇ, ಪಾಪ ಅವರು ಕಾಯ್ತಿರಲ್ವಾ?" ಮುಂದಿನ ವಾರ ಕೊಡ್ತೀನಿ ಕಣ್ರೀ ಅಂದೆ. ಒಮ್ಮೆ ಸೂಪರ್ ಮಾರ್ಕೆಟ್ಟಿನಲ್ಲಿ ಅವರೇ ಸಿಕ್ಕರು, ಸ್ವಲ್ಪ ಬಡವಾಗಿದ್ದರು. ನಾನು ನಾಚಿಕೆಯಿಂದ ಕ್ಯಾಸೆಟ್ಟಿನ ಮಾತೆತ್ತಿದೆ. "ಅವಸರವಿಲ್ಲ," ಅಂದರು. ಆಮೇಲೆ ಬಗ್ಗಿ ನನ್ನ ಪಾದ ನೋಡಿ, ಸರಿಯಾಗಿ ಊರುತ್ತಿದ್ದೀರಿ ಅಂದರು.

ಕ್ಯಾಸೆಟ್ ನನ್ನ ಕೈಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಕುತ್ತಿಗೆ ನೋವಿಗೆಂದು ಚಿಕಿತ್ಸಾಲಯಕ್ಕೆ ಫೋನ್ ಮಾಡಿದಾಗ ಅಲ್ಲಿನ ಹುಡುಗಿ, ಅವರು ಇನ್ನು ಬರುವುದಿಲ್ಲ, ಕ್ಯಾನ್ಸರ್, ಆಸ್ಪತ್ರೆಯಲ್ಲಿದ್ದಾರೆ ಅಂದಳು. ಅವತ್ತೇ ರಜೆ ಹಾಕಿ ಕ್ಯಾಸೆಟ್ ಹಿಡಿದು ಸ್ಟುಟ್‌ಗಾರ್ಟ್‌ಗೆ ಓಡಿದೆ. ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಅಂಗಡಿಯವರು ಹತ್ತು ದಿನ ಬೇಕು ಅಂದರು. ಬೇಡಿಕೊಂಡೆ, ನಾಲ್ಕು ದಿನಕ್ಕೆ ಒಪ್ಪಿದರು. ಆ ನಾಲ್ಕು ದಿನದಲ್ಲಿ ನಾನು ಆಸ್ಪತ್ರೆಗೆ ಹೋಗಬಹುದಾಗಿತ್ತು. ಬರಿಗೈಯಲ್ಲಿ ಹೇಗೆ ಮುಖ ತೋರಿಸುವುದು ಎಂದು ಹೋಗಲಿಲ್ಲ.

ಅವರು ಮೂರನೆಯ ದಿನ ಹೋಗಿಬಿಟ್ಟರು.

ಅಂಗಡಿಯವರು ಕೊಟ್ಟದ್ದನ್ನು ಅಡುಗೆಮನೆಯಲ್ಲಿ ನಿಂತುಕೊಂಡೇ ನೋಡಿದೆ. ಬೂದು ಬಣ್ಣದ ಆಕಾಶ. ನೆನೆದ ಮೈದಾನ. ಏಳನೆಯ ನಂಬರಿನ ಅಂಗಿ ತೊಟ್ಟ ಪುಟ್ಟ ಹುಡುಗಿ, ಬಲಗಾಲಿಗೆ ಬಿಳಿಯ ಪಟ್ಟಿ. ಎಷ್ಟು ಬೇಗ ಓಡುತ್ತಿದ್ದರು... ನನ್ನ ಪಾದ ಹಿಡಿದು ಅಷ್ಟು ಮೆಲ್ಲಗೆ ತಿರುಗಿಸುತ್ತಿದ್ದವರು ಇವರೇನಾ ಅನ್ನಿಸಿತು. ಒಂಬತ್ತನೆಯ ನಿಮಿಷದಲ್ಲಿ ಅವರಿಗೆ ಚೆಂಡು ಸಿಕ್ಕಿತು. ಆಗಲೇ ಕ್ಯಾಮೆರಾ ಪಕ್ಕಕ್ಕೆ ಹೊರಳಿತು. ಮೈದಾನದ ಅಂಚಿನ ಮರದ ಬೆಂಚುಗಳ ಮೇಲೆ ಒಂದಷ್ಟು ಜನ ಕೊಡೆ ಹಿಡಿದು ಕೂತಿದ್ದರು. ಅವರ ನಡುವೆ ದೊಗಳೆ ಕೋಟಿನ ಒಬ್ಬ ಜಪಾನಿ ಮುದುಕ ಎದ್ದು ನಿಂತಿದ್ದ. ಎರಡೂ ಕೈ ಮೇಲೆತ್ತಿ, ಕುತ್ತಿಗೆಯ ನರ ಉಬ್ಬುವ ಹಾಗೆ ಏನೋ ಕೂಗುತ್ತಿದ್ದ. ಗೋಲಿನ ಗದ್ದಲ ಎದ್ದಿತು. ಮುದುಕ ಬೆಂಚಿನ ಮೇಲೇ ಹತ್ತಿ ನಿಂತ. ಮರುಕ್ಷಣ ಸುತ್ತ ನೋಡಿ, ನಾಚಿ, ಕೆಳಗಿಳಿದು, ಎರಡೂ ಕೈಗಳನ್ನು ಮೊಣಕಾಲ ನಡುವೆ ಸೇರಿಸಿಕೊಂಡು ಕುಳಿತುಬಿಟ್ಟ. ಅಲ್ಲಿದ್ದವರೆಲ್ಲ ಮೈದಾನ ನೋಡುತ್ತಿದ್ದರು. ಅವನನ್ನು ನೋಡಿದ್ದು ಆ ಕ್ಯಾಮೆರಾ ಒಂದೇ.

ಅಪ್ಪ ನೋಡಿದ್ದರು. ಎಲ್ಲವನ್ನೂ ನೋಡಿದ್ದರು. ಮಗಳಿಗೆ ಅದು ತಿಳಿಯಲಿಲ್ಲ. ತಿಳಿಯಬಹುದಾಗಿದ್ದ ಹದಿನಾಲ್ಕು ತಿಂಗಳು ಅದು ನನ್ನ ಕಪಾಟಿನಲ್ಲಿತ್ತು.

ಅವರ ಬೂದಿಯನ್ನು ಗುಡ್ಡದ ಮೇಲಿನ ಕಾಡಿನಲ್ಲಿ, ಬೀಚ್ ಎಂಬ ಜಾತಿಯ ಒಂದು ಮರದ ಬುಡದಲ್ಲಿ ಹೂಳಿದರು. ಹಳೆಯ ತಂಡದವರು ಐದು ಜನ ಬಂದಿದ್ದರು, ಎಲ್ಲರ ತಲೆಯೂ ಬೆಳ್ಳಗಾಗಿತ್ತು. ಆಮೇಲೆ ಕಾಫಿ, ಕೇಕಿಗೆ ಕೂತಾಗ ಕ್ಯಾಪ್ಟನ್ ಯಾರೆಂದು ಕೇಳಿ ತಿಳಿದುಕೊಂಡು, ಅವರ ಪಕ್ಕ ಹೋಗಿ ಫೋನಿನಲ್ಲಿ ಆ ವಿಡಿಯೋ ತೋರಿಸಿದೆ. ಅವರು ಎರಡು ಸಲ ನೋಡಿದರು.

"ಅವಳು ನೋಡಿದಳಾ ಇದನ್ನ?"

ಇಲ್ಲ ಅಂದೆ. ಎಷ್ಟು ದಿನ ನನ್ನ ಹತ್ತಿರ ಇತ್ತು ಎಂಬುದನ್ನೂ ಹೇಳಿದೆ. ಮುಚ್ಚಿಡಬಹುದಾಗಿತ್ತು, ಆಗಲಿಲ್ಲ. ಕ್ಯಾಪ್ಟನ್ ಬೈದಿದ್ದರೆ ಚೆನ್ನಾಗಿತ್ತು. ಫೋನನ್ನು ನನ್ನ ಕಡೆಗೆ ಸರಿಸಿ, ಕಾಫಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಕಿಟಕಿಯ ಕಡೆ ತಿರುಗಿ ಕೂತರು. ನಾನು ಎದ್ದು ಬರುವವರೆಗೂ ತಿರುಗಲಿಲ್ಲ.

ಇದೆಲ್ಲ ಆಗಿ ಒಂದು ವರ್ಷದ ಮೇಲಾಯಿತು. ಕಳೆದ ವಾರ ಆ ಮುಲಾಮಿನ ವಾಸನೆ ಬಂದ ಮೇಲೆ ಮತ್ತೆ ಆ ವಿಡಿಯೋ ತೆರೆದೆ. ನಮ್ಮ ಆಫೀಸಿಗೆ ಈಗ ಜಪಾನಿನಿಂದ ಒಬ್ಬರು ಎಂಜಿನಿಯರ್ ಬಂದಿದ್ದಾರೆ. ಊಟದ ಬಿಡುವಿನಲ್ಲಿ ಅವರಿಗೆ ಆ ಒಂದು ತುಣುಕು ಕೇಳಿಸಿ, ಈ ಮುದುಕರು ಏನು ಕೂಗುತ್ತಿದ್ದಾರೆ ಎಂದು ಕೇಳಿದೆ. ಅವರು ಫೋನನ್ನು ಕಿವಿಗೆ ಒತ್ತಿಕೊಂಡು ಮೂರು ಸಲ ಕೇಳಿದರು. ಆಟದ ಮಾತಲ್ಲ ಇದು ಅಂದರು. ಹೊಸದಾಗಿ ನಡೆಯಲು ಕಲಿತ ಮಗು ಓಡಿದರೆ ಮನೆಯವರು ಹಿಂದಿನಿಂದ ಕೂಗುವ ಮಾತಂತೆ. "ಮೆಲ್ಲಗೆ, ಮೆಲ್ಲಗೆ, ಬೀಳ್ತೀಯಾ."

ನಿನ್ನೆ ಭಾನುವಾರ ಆ ಮರದ ಹತ್ತಿರ ಹೋಗಿದ್ದೆ. ಜಪಾನಿನ ಆ ಮಾತನ್ನು ಸಹೋದ್ಯೋಗಿಯಿಂದ ಕಲಿತು, ಕನ್ನಡ ಅಕ್ಷರದಲ್ಲಿ ಚೀಟಿಯೊಂದರ ಮೇಲೆ ಬರೆದುಕೊಂಡಿದ್ದೆ. ಅಲ್ಲಿ ನಿಂತು ಒಂದು ಸಲವಾದರೂ ಜೋರಾಗಿ ಹೇಳಿಬರೋಣ ಅಂದುಕೊಂಡಿದ್ದೆ. ಚೀಟಿ ಬಿಡಿಸಿ ಹಿಡಿದೆ, ಓದದೆ ಬಿಟ್ಟೆ. ಅವರು ಕೇಳಬೇಕಾಗಿದ್ದದ್ದು ನನ್ನ ಬಾಯಿಂದಲ್ಲ, ಈಗಲೂ ಅಲ್ಲ. ಚೀಟಿ ಮಡಚಿಕೊಂಡು ಇಳಿದು ಬಂದೆ.